ಉಡುದಾರವೂ ಅಳತೆಯ ಟೇಪೂ

ಸರ್ಕಾರದ ಆರೋಗ್ಯ ಕಾರ್ಯಕ್ರಮಗಳನ್ನು ವಯಸ್ಸಿನ ಕ್ರಮದಲ್ಲಿ ಜೋಡಿಸಿ ನೋಡಿದರೆ, ಹದಿನೆಂಟು ತುಂಬಿದ ದಿನದಿಂದ ಮೂವತ್ತು ತುಂಬುವ ದಿನದವರೆಗಿನ ಹನ್ನೆರಡು ವರ್ಷಗಳು ಬಹುಮಟ್ಟಿಗೆ ಯಾರೂ ಅಳೆಯದೆ ಬಿಟ್ಟ ವರ್ಷಗಳಾಗಿ ಉಳಿದಿರುವುದು ಕಾಣುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೂ ಶಾಲೆಗೂ ಬಂದು, ಹುಟ್ಟಿದ ಕೂಸಿನಿಂದ ಹದಿನೆಂಟರ ವಯಸ್ಸಿನವರೆಗಿನ ಮಕ್ಕಳ ತಪಾಸಣೆ ನಡೆಸುತ್ತವೆ. ಮೂವತ್ತು ದಾಟಿದವರ ಮನೆಗೆ ಆಶಾ ಕಾರ್ಯಕರ್ತೆಯು ಒಂದು ನಮೂನೆಯನ್ನು ಹಿಡಿದು ಬರುತ್ತಾಳೆ, ಮತ್ತು ಆ ನಮೂನೆಯಲ್ಲಿ ತಂಬಾಕು, ಮದ್ಯ, ವ್ಯಾಯಾಮ, ಮನೆತನದ ಕಾಯಿಲೆ ಇವುಗಳ ಜೊತೆಗೆ ಹೊಟ್ಟೆಯ ಸುತ್ತಳತೆಗೂ ಒಂದು ಸಾಲು ಇದೆ. ಇವೆರಡರ ನಡುವಿನ ತರುಣ ತರುಣಿಯರಲ್ಲಿ ಬಸುರಾದ ಹೆಣ್ಣುಮಗಳು ತಾಯಿ ಕಾರ್ಡಿನ ನೆಪದಲ್ಲಿ ತಕ್ಕಡಿ ಹತ್ತುತ್ತಾಳೆ, ಪೊಲೀಸ್ ಅಥವಾ ಸೇನೆಯ ಭರ್ತಿಗೆ ಹೋದ ಹುಡುಗ ಎದೆಯುಬ್ಬಿಸಿ ಟೇಪಿನ ಮುಂದೆ ನಿಲ್ಲುತ್ತಾನೆ; ಉಳಿದ ಬಹುತೇಕರ ಎತ್ತರ, ತೂಕ, ಸುತ್ತಳತೆಗಳು ಯಾವ ಕಾಗದದ ಮೇಲೂ ಏರುವುದಿಲ್ಲ. ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳಂತಹ ಬಯಲುಸೀಮೆಯ ಪ್ರದೇಶದಲ್ಲಿ ಈ ವಿಷಯವನ್ನು ಎತ್ತುವುದು ಮೊದಲಿಗೆ ವಿಚಿತ್ರವೆನಿಸಬಹುದು, ಏಕೆಂದರೆ ಮಳೆ ಕೈಕೊಡುವ ಈ ನೆಲದಲ್ಲಿ ತಲೆಮಾರುಗಳಿಂದ ಎಲ್ಲರಿಗೂ ತಿಳಿದಿರುವ ಸಂಕಟ ಸೊರಗುವುದೇ ಹೊರತು ಕೊಬ್ಬುವುದಲ್ಲ. ಆದರೆ ಬಾಲ್ಯದಲ್ಲಿ ಸೊರಗಿದ ದೇಹವೇ ಯೌವನದಲ್ಲಿ ಹೊಟ್ಟೆಯ ಸುತ್ತ ಕೊಬ್ಬನ್ನು ಕೂಡಿಡಲು ಹೆಚ್ಚು ಒಲಿಯುತ್ತದೆ ಎಂಬುದು ಕಳೆದ ಮೂರು ದಶಕಗಳ ವೈದ್ಯಕೀಯ ಸಂಶೋಧನೆಯ ಒಂದು ಮುಖ್ಯ ತಿಳಿವಳಿಕೆಯಾಗಿರುವುದರಿಂದ, ಈ ಚರ್ಚೆಗೆ ಬರಗಾಲದ ಸೀಮೆಗಿಂತ ತಕ್ಕ ಜಾಗ ಬೇರೆ ಸಿಗಲಾರದು.

ಇಲ್ಲಿ ಮೊದಲು 'ಶೋಧ ತಪಾಸಣೆ' ಎಂಬ ಮಾತಿನ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಶೋಧ ತಪಾಸಣೆ ಎಂದರೆ ರೋಗನಿರ್ಣಯವಲ್ಲ. ತಮಗೇನೂ ಆಗಿಲ್ಲವೆಂದು ನಂಬಿ ಓಡಾಡಿಕೊಂಡಿರುವ ಬಹಳ ಮಂದಿಯಲ್ಲಿ ಯಾರನ್ನು ಮುಂದಿನ ಪರೀಕ್ಷೆಗೆ ಕಳುಹಿಸಬೇಕೆಂದು ಕಡಿಮೆ ಖರ್ಚಿನಲ್ಲಿ, ನೋವಿಲ್ಲದೆ, ಬೇಗನೆ ವಿಂಗಡಿಸುವ ಕೆಲಸ ಅದು. ಎಣ್ಣೆ ಗಿರಣಿಗಳಿಂದ ಹೆಸರಾದ ಚಳ್ಳಕೆರೆಯವರಿಗೆ ಇದನ್ನು ಜರಡಿಯ ಮೂಲಕ ಹೇಳುವುದು ಸುಲಭ. ಶೇಂಗಾ ಬೀಜವನ್ನು ಜರಡಿ ಹಿಡಿಯುವಾಗ ಕಣ್ಣು ದೊಡ್ಡದಾದರೆ ಒಳ್ಳೆಯ ಕಾಳುಗಳೂ ಕೆಳಗೆ ಉದುರಿಹೋಗುತ್ತವೆ, ಕಣ್ಣು ಸಣ್ಣದಾದರೆ ಜೊಳ್ಳೂ ಮೇಲೆಯೇ ನಿಲ್ಲುತ್ತದೆ. ಹುಡುಕುತ್ತಿರುವುದು ತಪ್ಪಿಸಿಕೊಳ್ಳದಂತೆ ಹಿಡಿಯುವ ಗುಣಕ್ಕೆ ಸಂಖ್ಯಾಶಾಸ್ತ್ರದಲ್ಲಿ ಸಂವೇದನಶೀಲತೆ ಎಂದೂ, ಬೇಡವಾದುದನ್ನು ಹಿಡಿಯದೆ ಬಿಡುವ ಗುಣಕ್ಕೆ ನಿರ್ದಿಷ್ಟತೆ ಎಂದೂ ಹೆಸರು. ಒಂದನ್ನು ಹೆಚ್ಚಿಸಿದರೆ ಸಾಮಾನ್ಯವಾಗಿ ಇನ್ನೊಂದು ಕುಗ್ಗುತ್ತದೆ. ದೇಹದ ಯಾವುದೇ ಅಳತೆಗೆ ಗಡಿಸಂಖ್ಯೆಯೊಂದನ್ನು ನಿಗದಿ ಮಾಡುವುದೆಂದರೆ ಜರಡಿಯ ಕಣ್ಣು ಎಷ್ಟಿರಬೇಕೆಂದು ತೀರ್ಮಾನಿಸುವುದೇ ಆಗಿದೆ.

ಇಂದು ಎಲ್ಲೆಡೆ ಬಳಕೆಯಲ್ಲಿರುವ ಜರಡಿ ದೇಹ ತೂಕ ಸೂಚ್ಯಂಕ, ಅಂದರೆ ಬಿ.ಎಂ.ಐ. ಕಿಲೋಗ್ರಾಂಗಳಲ್ಲಿರುವ ತೂಕವನ್ನು ಮೀಟರುಗಳಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಈ ಸಂಖ್ಯೆ ದೊರೆಯುತ್ತದೆ. 160 ಸೆಂಟಿಮೀಟರ್ ಎತ್ತರದವರಿಗೆ 1.6ನ್ನು 1.6ರಿಂದ ಗುಣಿಸಿದರೆ 2.56 ಆಗುತ್ತದೆ, ಅವರ ತೂಕ 64 ಕಿಲೋ ಇದ್ದರೆ ಸೂಚ್ಯಂಕ 25, ಸುಮಾರು 59 ಕಿಲೋ ಇದ್ದರೆ 23. ಈ ಲೆಕ್ಕದ ಮೂಲಪುರುಷ ವೈದ್ಯನಲ್ಲ ಎಂಬುದು ಗಮನಾರ್ಹ. ಬೆಲ್ಜಿಯಂನ ಖಗೋಳ ವಿಜ್ಞಾನಿಯೂ ಸಂಖ್ಯಾಶಾಸ್ತ್ರಜ್ಞನೂ ಆಗಿದ್ದ ಅಡೋಲ್ಫ್ ಕೆಟಲೆ ಎಂಬಾತ 1835ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಬೆಳವಣಿಗೆ ಮುಗಿದ ಮನುಷ್ಯರ ತೂಕವು ಎತ್ತರದ ವರ್ಗಕ್ಕೆ ಅನುಗುಣವಾಗಿ ಏರುತ್ತದೆಂದು ತೋರಿಸಿದ. 'ಸರಾಸರಿ ಮನುಷ್ಯ'ನ ಚಿತ್ರವನ್ನು ಅಂಕಿಗಳಲ್ಲಿ ಬಿಡಿಸುವುದು ಅವನ ಗುರಿಯಾಗಿತ್ತೇ ವಿನಾ ಬೊಜ್ಜಿನ ವಿಚಾರ ಅವನ ತಲೆಯಲ್ಲಿರಲಿಲ್ಲ. ಸುಮಾರು ನೂರ ಮೂವತ್ತೇಳು ವರ್ಷಗಳ ಬಳಿಕ, 1972ರಲ್ಲಿ, ಅಮೆರಿಕದ ಶರೀರಕ್ರಿಯಾ ವಿಜ್ಞಾನಿ ಆನ್ಸೆಲ್ ಕೀಸ್ ಮತ್ತು ಸಂಗಡಿಗರು ಐದು ದೇಶಗಳ ಏಳು ಸಾವಿರಕ್ಕೂ ಹೆಚ್ಚು ಜನರ ಅಳತೆಗಳನ್ನು ಹೋಲಿಸಿ ಇದಕ್ಕೆ ಈಗಿನ ಹೆಸರನ್ನು ಕೊಟ್ಟರು. ಆ ಏಳು ಸಾವಿರ ಜನರೆಲ್ಲ ಗಂಡಸರು, ಆ ಐದು ದೇಶಗಳಲ್ಲಿ ಭಾರತವಿರಲಿಲ್ಲ. ಮೊಳಕಾಲ್ಮೂರಿನ ಹೆಣ್ಣುಮಗಳೊಬ್ಬಳ ದೇಹಕ್ಕೆ ಇಂದು ಹಿಡಿಯಲಾಗುತ್ತಿರುವ ಅಳತೆಗೋಲನ್ನು ತಯಾರಿಸಿದಾಗ ಅವಳಂಥವರು ಯಾರೂ ಲೆಕ್ಕದಲ್ಲಿ ಇರಲಿಲ್ಲವೆಂಬುದನ್ನು ಮರೆಯಬಾರದು.

ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ಗಡಿಗಳ ಪ್ರಕಾರ ಸೂಚ್ಯಂಕ 18.5ಕ್ಕಿಂತ ಕೆಳಗಿದ್ದರೆ ಕಡಿಮೆ ತೂಕ, 25 ಮುಟ್ಟಿದರೆ ಅಧಿಕ ತೂಕ, 30 ಮುಟ್ಟಿದರೆ ಬೊಜ್ಜು. ಏಷ್ಯಾದ ಜನರಲ್ಲಿ ಇದಕ್ಕಿಂತ ಕೆಳಗಿನ ಮಟ್ಟದಲ್ಲಿಯೇ ಸಕ್ಕರೆ ಕಾಯಿಲೆಯೂ ಹೃದಯದ ತೊಂದರೆಯೂ ತಲೆದೋರುವುದನ್ನು ಕಂಡು, ಅದೇ ಸಂಸ್ಥೆಯ ತಜ್ಞರ ಸಮಾಲೋಚನೆಯು 2004ರಲ್ಲಿ 23 ಮತ್ತು 27.5 ಎಂಬ ಹೆಚ್ಚುವರಿ ಗುರುತುಗಳನ್ನು ಸೂಚಿಸಿತು. 2009ರಲ್ಲಿ ಪ್ರಕಟವಾದ ಭಾರತೀಯ ವೈದ್ಯರ ಒಮ್ಮತದ ಮಾರ್ಗಸೂಚಿಯು 23ರಿಂದ ಅಧಿಕ ತೂಕವೆಂದೂ 25ರಿಂದ ಬೊಜ್ಜೆಂದೂ ಗಡಿಗಳನ್ನು ಇನ್ನಷ್ಟು ಇಳಿಸಿತು. ಈ ಗಡಿಗಳೆಲ್ಲ ಬೆಳವಣಿಗೆ ನಿಂತ ವಯಸ್ಕರಿಗೆ ಮಾತ್ರ ಅನ್ವಯಿಸುತ್ತವೆ; ಹದಿನೆಂಟರೊಳಗಿನವರಿಗೆ ವಯಸ್ಸು ಮತ್ತು ಲಿಂಗಕ್ಕೆ ತಕ್ಕ ಬೆಳವಣಿಗೆಯ ನಕ್ಷೆಗಳೇ ಬೇರೆ ಇವೆ, ಗರ್ಭಿಣಿಯರಿಗೆ ಈ ಲೆಕ್ಕವೇ ಸಲ್ಲುವುದಿಲ್ಲ.

ಭಾರತೀಯರಿಗೆ ಕಣ್ಣು ಸಣ್ಣದಾದ ಜರಡಿ ಏಕೆ ಬೇಕು ಎಂಬುದಕ್ಕೆ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಒಂದು ಪುಟ್ಟ ಬರಹ ಪ್ರಸಿದ್ಧ ಉದಾಹರಣೆಯಾಗಿದೆ. ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ಎಂಬ ಇಬ್ಬರು ಸಂಶೋಧಕರು ತಮ್ಮನ್ನೇ ಅಳೆದುಕೊಂಡಾಗ ಇಬ್ಬರ ಸೂಚ್ಯಂಕವೂ 22.3 ಬಂದಿತು, ಆದರೆ ಯುಡ್ಕಿನ್ ಅವರ ದೇಹದಲ್ಲಿ ಕೊಬ್ಬಿನ ಪಾಲು ಶೇ. 9.1 ಇದ್ದರೆ ಯಾಜ್ಞಿಕ್ ಅವರ ದೇಹದಲ್ಲಿ ಅದು ಶೇ. 21.2 ಇತ್ತು. ತಕ್ಕಡಿಯು ಸ್ನಾಯುವಿನ ಕಿಲೋಗೂ ಕೊಬ್ಬಿನ ಕಿಲೋಗೂ ವ್ಯತ್ಯಾಸ ಮಾಡುವುದಿಲ್ಲ ಎಂಬ ಸಾಮಾನ್ಯ ಸಂಗತಿಯನ್ನು ಇಷ್ಟು ಚೊಕ್ಕವಾಗಿ ತೋರಿಸಿದ ಮತ್ತೊಂದು ಬರಹ ಸಿಗುವುದು ಕಷ್ಟ.

ಭಾರತೀಯರ ಮೈಯಲ್ಲಿ ಕೊಬ್ಬು ಹೀಗೆ ಹೆಚ್ಚಿರುವುದರ ಬೇರನ್ನು ಹುಡುಕುವ ಕೆಲಸದಲ್ಲಿ ಕರ್ನಾಟಕದ್ದೇ ಆದ ಒಂದು ದೊಡ್ಡ ಪಾಲಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ ಮತ್ತು ತಲೆಯ ಸುತ್ತಳತೆಗಳನ್ನು ಹೆರಿಗೆ ಕೋಣೆಯ ದಾಖಲೆ ಪುಸ್ತಕಗಳಲ್ಲಿ ತಪ್ಪದೆ ಬರೆದಿಡಲಾಗಿತ್ತು. ಹಾಗೆ ಹುಟ್ಟಿದ ಕೂಸುಗಳು ನಡುವಯಸ್ಸಿಗೆ ಬಂದ ಮೇಲೆ, 1990ರ ದಶಕದಲ್ಲಿ, ಸಂಶೋಧಕರು ಅವರನ್ನು ಹುಡುಕಿ ಪರೀಕ್ಷಿಸಿದಾಗ, ಕಡಿಮೆ ತೂಕದಿಂದ ಹುಟ್ಟಿದವರಲ್ಲಿ ಹೃದಯದ ರಕ್ತನಾಳಗಳ ಕಾಯಿಲೆ ಹೆಚ್ಚಾಗಿರುವುದು ಕಂಡುಬಂದಿತು. ಅದೇ ಆಸ್ಪತ್ರೆಯಲ್ಲಿ 1997ರ ನಂತರ ಹುಟ್ಟಿದ ಮಕ್ಕಳ ಇನ್ನೊಂದು ಅಧ್ಯಯನವು, ಇಲ್ಲಿನ ಕೂಸುಗಳು ಇಂಗ್ಲೆಂಡಿನ ಕೂಸುಗಳಿಗಿಂತ ಎಲ್ಲ ಅಳತೆಗಳಲ್ಲಿಯೂ ಚಿಕ್ಕವಾಗಿದ್ದರೂ ಬೆನ್ನಿನ ಮೇಲಿನ ಚರ್ಮದಡಿಯ ಕೊಬ್ಬಿನ ಪದರದಲ್ಲಿ ಮಾತ್ರ ಅಷ್ಟೇನೂ ಹಿಂದೆ ಬಿದ್ದಿರಲಿಲ್ಲವೆಂದು ತಿಳಿಸಿತು. ಕೈಕಾಲು ಸಣ್ಣ, ಸ್ನಾಯು ಕಡಿಮೆ, ಕೊಬ್ಬು ಮಾತ್ರ ಜೋಪಾನ. ದಾದಿಯರು ದಿನನಿತ್ಯದ ಕೆಲಸವೆಂದು ಬರೆದಿಟ್ಟ ಅಂಕಿಗಳು ಆರು ದಶಕಗಳ ಅನಂತರ ಜಗತ್ತಿನ ವೈದ್ಯಶಾಸ್ತ್ರಕ್ಕೆ ಸಾಕ್ಷಿಯಾದವು ಎಂಬುದೇ ಸರಳ ಅಳತೆಗಳ ಪರವಾದ ಬಲವಾದ ವಾದವಾಗಿದೆ.

ಸೂಚ್ಯಂಕದ ಕುರುಡುತನ ಎರಡೂ ಕಡೆಗೆ ಇದೆ. ಚಳ್ಳಕೆರೆಯ ಮಾರುಕಟ್ಟೆಯ ಅಂಗಳದಲ್ಲಿ ಬೆಳಗಿನಿಂದ ಸಂಜೆಯವರೆಗೆ ಮೂಟೆ ಹೊರುವ ಇಪ್ಪತ್ತೈದರ ಹಮಾಲಿಯೊಬ್ಬನು 165 ಸೆಂಟಿಮೀಟರ್ ಎತ್ತರವಿದ್ದು 71 ಕಿಲೋ ತೂಗಿದರೆ ಅವನ ಸೂಚ್ಯಂಕ 26 ಆಗಿ, ಭಾರತೀಯ ಮಾರ್ಗಸೂಚಿಯ ಪ್ರಕಾರ ಅವನಿಗೆ ಬೊಜ್ಜಿನ ಹಣೆಪಟ್ಟಿ ಬೀಳುತ್ತದೆ, ಅವನ ಹೊಟ್ಟೆ ಬೆನ್ನಿಗೆ ಅಂಟಿಕೊಂಡಿದ್ದರೂ ಸಹ. ಅದೇ ಎತ್ತರದ, 60 ಕಿಲೋ ತೂಗುವ, ಮೊಳಕಾಲ್ಮೂರಿನ ಗುಂಡಿಮಗ್ಗದ ಅಂಚಿನಲ್ಲಿ ದಿನವಿಡೀ ಕುಳಿತು ರೇಷ್ಮೆ ಸೀರೆ ನೇಯುವ ತರುಣನ ಸೂಚ್ಯಂಕ 22 ಆಗಿ ಅವನು ನಿಶ್ಚಿಂತೆಯಿಂದ ಪಾಸಾಗುತ್ತಾನೆ. ತೋಳು ತೊಡೆಗಳು ತೆಳ್ಳಗಿದ್ದು ನಡು ಮಾತ್ರ 88 ಸೆಂಟಿಮೀಟರಿಗೆ ಏರಿರುವುದನ್ನು ತಕ್ಕಡಿ ಹೇಳುವುದಿಲ್ಲ. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು, ದೇಹದಲ್ಲಿ ಕೊಬ್ಬು ಮಿತಿಮೀರಿರುವವರಲ್ಲಿ ಸುಮಾರು ಅರ್ಧದಷ್ಟು ಮಂದಿಯನ್ನು ಬಿ.ಎಂ.ಐ. ಗಡಿಗಳು ಹಿಡಿಯದೆ ಬಿಡುತ್ತವೆ ಎಂದು ಲೆಕ್ಕಹಾಕಿತು. ಜರಡಿ ಹಿಡಿದುಕೊಟ್ಟವರು ಬಹುಪಾಲು ನಿಜವಾಗಿಯೂ ಸ್ಥೂಲರೇ, ತೊಂದರೆಯಿರುವುದು ಉದುರಿಹೋದವರಲ್ಲಿ.

ಆದ್ದರಿಂದಲೇ ತಕ್ಕಡಿಗೆ ಟೇಪು ಜೊತೆಯಾಗಬೇಕು. ಹೊಟ್ಟೆಯೊಳಗೆ ಯಕೃತ್ತು, ಕರುಳು ಮೊದಲಾದ ಅಂಗಗಳ ಸುತ್ತ ಕೂಡುವ ಕೊಬ್ಬು ತೊಡೆ ಮತ್ತು ಪಿರ್ರೆಗಳ ಕೊಬ್ಬಿಗಿಂತ ಹೆಚ್ಚು ಕೇಡಿನದು ಎಂಬ ವಿಚಾರವನ್ನು ಫ್ರಾನ್ಸಿನ ವೈದ್ಯ ಜಾನ್ ವಾಗ್ 1947ರಲ್ಲಿಯೇ ಮಂಡಿಸಿದ್ದರು. ಆ ಒಳಕೊಬ್ಬನ್ನು ನೇರವಾಗಿ ನೋಡಲು ದುಬಾರಿ ಯಂತ್ರಗಳು ಬೇಕು. ಅಂದಾಜು ಮಾಡಲು ನಡುವಿನ ಸುತ್ತಳತೆ ಸಾಕು. ಆದರೆ ಇಲ್ಲಿ ಭಾಷೆಯೇ ಒಂದು ತೊಡಕನ್ನು ತರುತ್ತದೆ. ಆಡುಗನ್ನಡದಲ್ಲಿ 'ಸೊಂಟ' ಎಂಬ ಒಂದೇ ಮಾತು ಪಕ್ಕೆಲುಬಿನ ಕೆಳಗಿನ ನಡುವಿಗೂ, ಪಂಚೆ ನಿಲ್ಲುವ ಮೂಳೆಯ ಭಾಗಕ್ಕೂ ಸಲ್ಲುತ್ತದೆ. 'ಸೊಂಟ ಅಳೆಯಿರಿ' ಎಂದರೆ ಇಬ್ಬರು ಎರಡು ಕಡೆ ಟೇಪು ಸುತ್ತುತ್ತಾರೆ. ಅಳೆಯಬೇಕಾದ ಜಾಗವೆಂದರೆ ಪಕ್ಕದಲ್ಲಿ ಕೈಗೆ ಸಿಗುವ ಕೊನೆಯ ಪಕ್ಕೆಲುಬಿನ ಕೆಳ ಅಂಚಿಗೂ ಸೊಂಟದ ಮೂಳೆಯ ಮೇಲಂಚಿಗೂ ಸರಿಯಾಗಿ ನಡುವಿನ ಮಟ್ಟ. ಅಲ್ಲಿ ಟೇಪು ನೆಲಕ್ಕೆ ಸಮಾನಾಂತರವಾಗಿ, ಚರ್ಮವನ್ನು ಒತ್ತದೆ ಸುತ್ತಿರಬೇಕು. ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ ಅಂಕಿಯನ್ನು ಓದಬೇಕು. ಭರ್ತಿಯ ಮೈದಾನದಲ್ಲಿ ಎದೆಯುಬ್ಬಿಸಿ ಅಭ್ಯಾಸವಾದ ಹುಡುಗರು ಟೇಪು ಕಂಡೊಡನೆ ಹೊಟ್ಟೆ ಒಳಗೆಳೆದುಕೊಳ್ಳುವುದರಿಂದ, ಒಂದೆರಡು ಮಾತಾಡಿಸಿ ಅಳೆಯುವುದು ಜಾಣತನ.

ದಕ್ಷಿಣ ಏಷ್ಯಾದವರಿಗೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ಎಂಬುದು ಈಗ ಒಪ್ಪಿತವಾದ ಗಡಿ. ಅಂಗುಲದ ಲೆಕ್ಕದಲ್ಲಿ ಸುಮಾರು ಮೂವತ್ತೈದೂವರೆ ಮತ್ತು ಮೂವತ್ತೊಂದೂವರೆ. ಪ್ಯಾಂಟಿನ ಅಳತೆ ಇನ್ನೂ ಮೂವತ್ತೆರಡೇ ಇದೆಯೆಂದು ನೆಮ್ಮದಿಯಿಂದಿರುವವರು, ಹೊಟ್ಟೆ ಮುಂದೆ ಬಂದಂತೆಲ್ಲ ಬೆಲ್ಟು ಅದರ ಕೆಳಕ್ಕೆ ಜಾರಿ ನಿಂತಿರುವುದನ್ನು ಗಮನಿಸಿರುವುದಿಲ್ಲ. ಉಡುದಾರದ ಕತೆಯೂ ಅದೇ. ಮಗುವಾಗಿದ್ದಾಗಿನಿಂದ ಗಂಡುಮಕ್ಕಳ ಮೈಮೇಲೆ ಇರುವ ಆ ಕಪ್ಪುದಾರ ಒಂದು ರೀತಿಯಲ್ಲಿ ಕನ್ನಡ ನಾಡಿನ ಅತಿ ಹಳೆಯ ಸುತ್ತಳತೆಯ ಸಾಧನವೆನ್ನಬಹುದು. ಬಿಗಿಯಾಯಿತೆಂದು ಬದಲಾಯಿಸಿದ ಪ್ರತಿಸಲವೂ ಅದು ಒಂದು ಸುದ್ದಿಯನ್ನು ಹೇಳಿರುತ್ತದೆ. ಆದರೆ ಅದೂ ಹೊಟ್ಟೆಯ ಕೆಳಗೆ ಮೂಳೆಯ ಮೇಲೆ ನೆಲೆ ನಿಲ್ಲುವುದರಿಂದ ನಡುವಿನ ಅಳತೆಗೆ ಬದಲಿಯಾಗಲಾರದು. ಹೆಣ್ಣುಮಕ್ಕಳಿಗೆ ಈ ಸುಳಿವು ಕೂಡ ಇಲ್ಲ. ಸೀರೆಗೆ ಅಳತೆಯೆಂಬುದಿಲ್ಲ, ಲಂಗದ ಲಾಡಿ ಎಷ್ಟು ಬೇಕಾದರೂ ಸಡಿಲವಾಗುತ್ತದೆ. ಭೌಗೋಳಿಕ ಗುರುತು ಪಡೆದ ಮೊಳಕಾಲ್ಮೂರು ಸೀರೆಯು ಹದಿನೆಂಟರ ನಡುವಿಗೂ ಮೂವತ್ತರ ನಡುವಿಗೂ ಒಂದೇ ಉದಾರತೆಯಿಂದ ಒಪ್ಪುತ್ತದೆ. ಎಚ್ಚರಿಕೆ ಕೊಡುವುದೇನಿದ್ದರೂ ಕುಪ್ಪಸ, ಅದರ ಹೊಲಿಗೆಯನ್ನೂ ದರ್ಜಿ ಬಿಚ್ಚಿ ಸಡಿಲಿಸಿ ಕೊಡುತ್ತಾನೆ.

ಟೇಪೂ ಇಲ್ಲದ ಕಡೆ ಒಂದು ದಾರ ಸಾಕು ಎಂಬುದು ಈ ಎಲ್ಲ ಅಳತೆಗಳಲ್ಲಿ ಅತ್ಯಂತ ಸೊಗಸಾದ ವಿಚಾರ. ಹಿಗ್ಗದ ದಾರವೊಂದನ್ನು, ಮೂಟೆ ಹೊಲಿಯುವ ಗೋಣಿದಾರವಾದರೂ ಆದೀತು, ಅಂಗಾಲಿನಿಂದ ನೆತ್ತಿಯವರೆಗೆ ವ್ಯಕ್ತಿಯ ಎತ್ತರಕ್ಕೆ ಸರಿಯಾಗಿ ಕತ್ತರಿಸಿ, ಎರಡು ಮಡಿಕೆ ಮಾಡಿ, ಆ ಅರ್ಧ ಉದ್ದವನ್ನು ನಡುವಿಗೆ ಸುತ್ತಬೇಕು. ತುದಿಗಳು ಕೂಡಿದರೆ ನಡುವು ಎತ್ತರದ ಅರ್ಧಕ್ಕಿಂತ ಹೆಚ್ಚಿಲ್ಲ, ಕೂಡದಿದ್ದರೆ ಹೆಚ್ಚಿದೆ. ನಡು ಮತ್ತು ಎತ್ತರಗಳ ಈ ಅನುಪಾತಕ್ಕೆ 0.5 ಎಂಬ ಒಂದೇ ಗಡಿ ಗಂಡಸರಿಗೂ ಹೆಂಗಸರಿಗೂ ನಡೆಯುತ್ತದೆಂದು ಬ್ರಿಟನ್ನಿನ ಪೋಷಣ ವಿಜ್ಞಾನಿ ಮಾರ್ಗರೆಟ್ ಆಶ್ವೆಲ್ ದೀರ್ಘಕಾಲ ಪ್ರತಿಪಾದಿಸಿದರು, ಮತ್ತು 2022ರಲ್ಲಿ ಆ ದೇಶದ ಅಧಿಕೃತ ಚಿಕಿತ್ಸಾ ಮಾರ್ಗಸೂಚಿಯೂ ಅದನ್ನು ಬಿ.ಎಂ.ಐ. ಜೊತೆಗೆ ಸೇರಿಸಿಕೊಂಡಿತು, 0.5ರಿಂದ ಅಪಾಯ ಹೆಚ್ಚು, 0.6ರಿಂದ ಬಹಳ ಹೆಚ್ಚು ಎಂಬುದು ಅಲ್ಲಿನ ವಿಂಗಡಣೆ. ಭಾರತದಲ್ಲಿ ಈ ಅಳತೆಗೆ ಇನ್ನೊಂದು ಮಹತ್ವವಿದೆ. 80 ಸೆಂಟಿಮೀಟರಿನ ಗಡಿಯು 160 ಸೆಂಟಿಮೀಟರ್ ಎತ್ತರದ ಹೆಂಗಸಿಗೆ ಸರಿಯಾಗಿ ಅರ್ಧ. ಆದರೆ ದೇಶದ ಹೆಂಗಸರ ಸರಾಸರಿ ಎತ್ತರ 152ರ ಆಸುಪಾಸಿನಲ್ಲಿರುವುದರಿಂದ ಅವರ ಅರ್ಧ 76ಕ್ಕೇ ಬಂದುಬಿಡುತ್ತದೆ. ಗಂಡಸರ 90ರ ಗಡಿಗೆ ಒಪ್ಪುವುದು 180 ಸೆಂಟಿಮೀಟರ್ ಎತ್ತರದವನು, ಅಂಥವನು ಬಯಲುಸೀಮೆಯ ಊರುಗಳಲ್ಲಿ ಜಾತ್ರೆಯ ಗುಂಪಿನಲ್ಲಿಯೂ ತಲೆಯೆತ್ತಿ ಕಾಣುವವನು. 165ರ ನೇಕಾರನಿಗೆ ದಾರ ಎಚ್ಚರಿಸುವುದು ಎಂಬತ್ತೆರಡೂವರೆಯಲ್ಲಿಯೇ. ಮೇಲೆ ಹೇಳಿದ 88ರ ನಡುವು ಬಿ.ಎಂ.ಐ. ಜರಡಿಯನ್ನೂ 90ರ ಜರಡಿಯನ್ನೂ ದಾಟಿ ಉದುರಿಹೋಗಿ, ಮೂರನೆಯದಾದ ಗೋಣಿದಾರಕ್ಕೆ ಸಿಕ್ಕಿಬೀಳುತ್ತದೆ.

ನಡುವನ್ನು ಪಿರ್ರೆಯ ಅತಿ ಅಗಲದ ಸುತ್ತಳತೆಯಿಂದ ಭಾಗಿಸುವ ಇನ್ನೊಂದು ಅನುಪಾತವೂ ಬಳಕೆಯಲ್ಲಿದೆ, ಗಂಡಸರಲ್ಲಿ 0.90, ಹೆಂಗಸರಲ್ಲಿ 0.85 ಅದರ ಗಡಿಗಳು. 2019–21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ಇದನ್ನು ಮೊದಲ ಬಾರಿಗೆ ಅಳೆಯಿತು, ಮತ್ತು ಬಂದ ಅಂಕಿಗಳು ಬೆಚ್ಚಿಬೀಳಿಸುವಂತಿದ್ದವು: 15ರಿಂದ 49 ವಯಸ್ಸಿನವರಲ್ಲಿ ಬಿ.ಎಂ.ಐ. 25 ಮುಟ್ಟಿದ ಹೆಂಗಸರು ಶೇ. 24, ಗಂಡಸರು ಶೇ. 22.9 ಇದ್ದರೆ, ಈ ಅನುಪಾತದ ಗಡಿ ದಾಟಿದ ಹೆಂಗಸರು ಶೇ. 56.7, ಗಂಡಸರು ಶೇ. 47.7. ಒಂದೇ ಜನ, ಎರಡು ಅಳತೆ, ಎರಡು ದೇಶಗಳ ಚಿತ್ರ. ಇದನ್ನು ಪೂರ್ಣವಾಗಿ ನಂಬಲು ಮಾತ್ರ ಹಿಂಜರಿಯಬೇಕಾಗುತ್ತದೆ, ಏಕೆಂದರೆ ಭಾಗಲಬ್ಧವು ಮೇಲಿನ ಸಂಖ್ಯೆ ಹೆಚ್ಚಾದರೂ ಏರುತ್ತದೆ, ಕೆಳಗಿನ ಸಂಖ್ಯೆ ಕಡಿಮೆಯಾದರೂ ಏರುತ್ತದೆ. ಉಂಡು ಹೊಟ್ಟೆ ಬೆಳೆಸಿದವಳೂ, ಉಣ್ಣಲಿಲ್ಲದೆ ಪಿರ್ರೆ ಇಳಿದವಳೂ ಒಂದೇ ಪಟ್ಟಿಯಲ್ಲಿ ಸೇರುವ ಅಪಾಯ ಇದರಲ್ಲಿದೆ. ಎರಡೂ ಬಗೆಯವರು ಒಂದೇ ಓಣಿಯಲ್ಲಿ ಇರಬಹುದಾದ ತಾಲ್ಲೂಕುಗಳಲ್ಲಿ ಈ ಅಳತೆಯನ್ನು ಒಂಟಿಯಾಗಿ ಬಳಸುವುದು ತರವಲ್ಲ.

ಕುತ್ತಿಗೆಯ ಸುತ್ತಳತೆಯ ವಿಚಾರ ಚಿಕ್ಕದು, ಆದರೆ ಹಳ್ಳಿಯ ಸಂದರ್ಭಕ್ಕೆ ಒಗ್ಗುವಂಥದು. ಇಸ್ರೇಲಿನ ವೈದ್ಯರು 2001ರಲ್ಲಿ ಗಂಡಸರಿಗೆ 37, ಹೆಂಗಸರಿಗೆ 34 ಸೆಂಟಿಮೀಟರನ್ನು ಗಡಿಯಾಗಿ ಸೂಚಿಸಿದರು. ಬಟ್ಟೆ ಸರಿಸಬೇಕಾಗಿಲ್ಲ, ಊಟ ಮಾಡಿ ಬಂದರೂ ಬದಲಾಗುವುದಿಲ್ಲ, ಸಭೆಯ ನಡುವೆಯೂ ಮುಜುಗರವಿಲ್ಲದೆ ಅಳೆಯಬಹುದು. ಗಳಗಂಡವಿದ್ದವರಲ್ಲಿ ಮಾತ್ರ ಇದು ದಾರಿ ತಪ್ಪಿಸುತ್ತದೆ. ಚರ್ಮದ ಮಡಿಕೆಯನ್ನು ಚಿಮುಟದಂತಹ ಉಪಕರಣದಿಂದ ಹಿಡಿದು ಅಳೆಯುವ ವಿಧಾನಕ್ಕೆ ಪಳಗಿದ ಕೈ ಬೇಕಾದ್ದರಿಂದ ಅದು ಸಂಶೋಧಕರಿಗೇ ಇರಲಿ.

ಅಳತೆಯಲ್ಲಿ ಆಗುವ ಸಣ್ಣ ತಪ್ಪುಗಳು ಸಣ್ಣವಾಗಿ ಉಳಿಯುವುದಿಲ್ಲ. 160 ಸೆಂಟಿಮೀಟರ್ ಎತ್ತರ, 64 ಕಿಲೋ ತೂಕದವರು ಮೂರು ಸೆಂಟಿಮೀಟರ್ ಹಿಮ್ಮಡಿಯ ಚಪ್ಪಲಿ ತೊಟ್ಟೇ ಗೋಡೆಗೆ ನಿಂತರೆ ಅವರ ಸೂಚ್ಯಂಕ 25ರಿಂದ 24ಕ್ಕೆ ಇಳಿದುಬಿಡುತ್ತದೆ, ಏಕೆಂದರೆ ಎತ್ತರದ ತಪ್ಪು ವರ್ಗವಾಗಿ ಬೆಳೆಯುತ್ತದೆ. ಬರಿಗಾಲಿನಲ್ಲಿ, ಹಿಮ್ಮಡಿ, ಪಿರ್ರೆ, ತಲೆಯ ಹಿಂಭಾಗಗಳು ಗೋಡೆಗೆ ತಾಗುವಂತೆ, ನೇರ ದೃಷ್ಟಿಯಲ್ಲಿ ನಿಲ್ಲಿಸುವುದು. ತಕ್ಕಡಿಯನ್ನು ಗಟ್ಟಿ ನೆಲದ ಮೇಲಿಟ್ಟು ಮುಳ್ಳು ಸೊನ್ನೆಗೆ ಬಂದಿದೆಯೇ ಎಂದು ನೋಡುವುದು. ಎರಡು ಸಲ ಅಳೆದು ಸರಾಸರಿ ಬರೆಯುವುದು, ಇಷ್ಟನ್ನು ಕಾಲೇಜಿನ ವಿದ್ಯಾರ್ಥಿಗಳೇ ಒಂದು ಮಧ್ಯಾಹ್ನದಲ್ಲಿ ಕಲಿಯಬಲ್ಲರು. ಹುಡುಗಿಯರನ್ನು ಹೆಂಗಸರೇ, ಪರದೆಯ ಮರೆಯಲ್ಲಿ ಅಳೆಯಬೇಕು, ಅಂಕಿಯನ್ನು ಗಟ್ಟಿಯಾಗಿ ಕೂಗಿ ಹೇಳಬಾರದು. ಒಮ್ಮೆ ನಗೆಗೀಡಾದವಳು ಎರಡನೆಯ ಸಲ ತಕ್ಕಡಿಯ ಹತ್ತಿರ ಬರುವುದಿಲ್ಲ.

ಇನ್ನೊಂದು ಕಡೆಯಿಂದ ಮೆಚ್ಚುಗೆಯೂ ಅಡ್ಡ ಬರುತ್ತದೆ. ರಾಗಿಮುದ್ದೆ, ನವಣೆ ಅನ್ನಗಳನ್ನು ಉಂಡು ಕುರಿಮಂದೆಯ ಹಿಂದೆ ದಿನವಿಡೀ ನಡೆದ ತಂದೆಯ ಮಗ ಇಂದು ಬೈಕಿನ ಮೇಲೆ ಪೇಟೆಗೆ ಬಂದು ಸಂಜೆ ಮಂಡಕ್ಕಿ ಮಿರ್ಚಿ ತಿನ್ನುವಂತಾದಾಗ, ಊರವರು 'ಮೈಕೈ ತುಂಬಿಕೊಂಡಿದ್ದಾನೆ' ಎಂದು ಹರಸುವುದು ಸಹಜ. ಬರಗಾಲ ಕಂಡವರ ಬಾಯಲ್ಲಿ ಅದು ಸಂತೋಷದ ಮಾತು. ಆ ಸಂತೋಷವನ್ನು ಕೆಡಿಸುವ ಅಗತ್ಯವಿಲ್ಲ, ಏಕೆಂದರೆ ಅದೇ ತಕ್ಕಡಿ, ಅದೇ ಟೇಪು 18.5ರ ಕೆಳಗೆ ಸೊರಗಿದವರನ್ನೂ ಗುರುತಿಸುತ್ತವೆ. ದಾರದ ತುದಿ ಕೂಡದವರೆಲ್ಲ ರೋಗಿಗಳಲ್ಲ. ಅವರು ಉಪಕೇಂದ್ರಕ್ಕೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಹೋಗಿ ರಕ್ತದೊತ್ತಡ ಮತ್ತು ರಕ್ತದ ಸಕ್ಕರೆಯನ್ನು ಒಮ್ಮೆ ನೋಡಿಸಿಕೊಳ್ಳಬೇಕಾದವರು, ಅಷ್ಟೆ. 2025ರ ಜನವರಿಯಲ್ಲಿ ಲ್ಯಾನ್ಸೆಟ್ ಬಳಗದ ಅಂತರರಾಷ್ಟ್ರೀಯ ತಜ್ಞರ ಆಯೋಗವೂ ಬಿ.ಎಂ.ಐ. ಒಂದನ್ನೇ ನೆಚ್ಚದೆ ಸುತ್ತಳತೆಯಿಂದ ಖಚಿತಪಡಿಸಿಕೊಳ್ಳಬೇಕೆಂದೂ, ಕೊಬ್ಬು ಹೆಚ್ಚಿರುವುದನ್ನೂ ಅದರಿಂದ ಅಂಗಾಂಗಗಳು ಕೆಟ್ಟಿರುವುದನ್ನೂ ಬೇರೆಬೇರೆಯಾಗಿ ನೋಡಬೇಕೆಂದೂ ಹೇಳಿದೆ.

ಹದಿನೆಂಟು ತುಂಬಿ ಪದವಿ ಕಾಲೇಜಿಗೆ ಸೇರಿದ ದಿನ ಪ್ರವೇಶಪತ್ರದ ಜೊತೆಗೆ ಎತ್ತರ, ತೂಕ, ನಡು ಈ ಮೂರು ಅಂಕಿಗಳನ್ನು ಬರೆದಿಟ್ಟರೆ, ಮುಂದಿನ ಪ್ರತಿ ಅಳತೆಗೂ ಹೋಲಿಕೆಗೊಂದು ಆಧಾರ ಸಿಗುತ್ತದೆ; ಯಾವ ಗಡಿಯನ್ನೂ ದಾಟದೆ ಎರಡು ವರ್ಷಗಳಲ್ಲಿ ನಡು ಆರು ಸೆಂಟಿಮೀಟರ್ ಏರಿದವನ ಸುದ್ದಿಯನ್ನು ಒಂಟಿ ಅಳತೆ ಎಂದೂ ಹೇಳಲಾರದು. ಕಾಲೇಜಿನ ಮೆಟ್ಟಿಲು ಹತ್ತದವರಿಗೆ, ಮಗ್ಗದ ಮನೆಯಲ್ಲಿಯೂ ಗಿರಣಿಯಲ್ಲಿಯೂ ಹಟ್ಟಿಯಲ್ಲಿಯೂ ಇರುವವರಿಗೆ, ಎತ್ತರದ ಉದ್ದಕ್ಕೆ ಕತ್ತರಿಸಿದ ಅದೇ ದಾರವೇ ದಾಖಲೆಯ ಪುಸ್ತಕವಾಗಬಹುದು: ನಡು ಮುಗಿಯುವ ಜಾಗದಲ್ಲಿ ಒಂದು ಗಂಟು ಹಾಕಿ ಗೂಡಿನಲ್ಲಿ ಎತ್ತಿಟ್ಟು, ಮರುವರ್ಷ ನಾಯಕನಹಟ್ಟಿಯ ತೇರಿನ ಹೊತ್ತಿಗೆ ತೆಗೆದು ಸುತ್ತಿ ನೋಡಿದರೆ ಗಂಟು ಅಲ್ಲಿಯೇ ಇದೆಯೋ, ಎಷ್ಟು ಬೆರಳು ಸರಿದಿದೆಯೋ ತಿಳಿಯುತ್ತದೆ.